ಅಕ್ಕಿ ಹೆಸರು, ತೊಟ್ಟಿಲ ಹೆಸರು ಮತ್ತು ಬಾಟ್ಲಿ ಹಲ್ಲಿ

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಅವಳು ಹೆಸರು ಹೇಳುತ್ತಿದ್ದ ಹಾಗೇ ಹಿಂದೆ ನಿಂತ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮೆಲ್ಲಗೆ ಮುಟ್ಟಿದ ಹಾಗೆ ಮಾಡಿದರೆ ಸಾಕು. ಆದರೆ ವರ್ಷಗಟ್ಟಲೆ ಕಟ್ಟಿಟ್ಟ ಸಿಟ್ಟು ತೀರಿಸಿಕೊಳ್ಳಲು ಇಷ್ಟು ಒಳ್ಳೆಯ ಮುಹೂರ್ತ ಮತ್ತೆ ಸಿಗುವುದಿಲ್ಲ ಎಂಬುದು ನಮ್ಮ ಓಣಿಯ ಹೆಂಗಸರಿಗೆ ಚೆನ್ನಾಗಿ ಗೊತ್ತು.

ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪ್ರಾಣಿಗಳಿಗೆ ಹೆಸರಿಡುವ ವಿಜ್ಞಾನಿಗಳ ಪಾಡು ಸೋದರತ್ತೆಯ ಪಾಡಿಗಿಂತ ಬೇರೆಯಲ್ಲ. ಒಬ್ಬರು ಹೆಸರಿಡುತ್ತಾರೆ, ಉಳಿದವರು ಲೇಖನ ಬರೆದು ಗುದ್ದುತ್ತಾರೆ. ಈ ಪಾಠ ಬಂದಾಗ ನಾನು ಪ್ರತಿ ವರ್ಷ ಕೈಗೆತ್ತಿಕೊಳ್ಳುವುದು ನಮ್ಮ ಲ್ಯಾಬಿನ ನ್ಯೂಟ್ ಎಂಬ ಜೀವಿಯನ್ನು. ನೋಡಲು ಹಲ್ಲಿ, ಬಳಗ ಮಾತ್ರ ಕಪ್ಪೆಯದು. ಬಾಲವಿದೆ, ಬೆನ್ನಿನ ಎರಡೂ ಬದಿಗೆ ಗಂಟುಗಂಟಾದ ಸಾಲು ಇದೆ. ಊರು ಡಾರ್ಜಿಲಿಂಗ್ ಬೆಟ್ಟ. ಯಾವ ಕಾಲದಲ್ಲೋ ಯಾರೋ ತಂದು ಫಾರ್ಮಲಿನ್ ಬಾಟಲಿಯಲ್ಲಿ ಮುಳುಗಿಸಿಟ್ಟದ್ದು, ಇಂದಿಗೂ ಬಸ್ಸಿಗೆ ಕೈ ಮಾಡುವವರ ಹಾಗೆ ಒಂದು ಕೈ ಎತ್ತಿಕೊಂಡು ನಿಂತಿದೆ.

ಒಮ್ಮೆ ಅವ್ವ ಕಣ್ಣು ತೋರಿಸಲು ಬಸವಕಲ್ಯಾಣದಿಂದ ಹುಮನಾಬಾದಿಗೆ ಬಂದವಳು, ನನ್ನ ಕ್ಲಾಸು ಮುಗಿಯುವ ತನಕ ಲ್ಯಾಬಿನಲ್ಲೇ ಕೂತಿದ್ದಳು. ನಾನು ಬಂದಾಗ ಬಾಟಲಿಗೆ ಮೂಗು ಹಚ್ಚಿ ನೋಡುತ್ತಿದ್ದಳು. “ಈ ಹಲ್ಲಿಗಿ ಯಾಕ ಉಪ್ಪಿನಕಾಯಿ ಹಾಕೀರಿ?” ಎಂದು ಕೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಬಾಟ್ಲಿ ಹಲ್ಲಿ.

ಬಸವಕಲ್ಯಾಣ ನನ್ನ ತವರು. ಅಲ್ಲಿ ಅವ್ವ, ತಮ್ಮ ಮತ್ತು ತಮ್ಮನ ಹೆಂಡತಿ ಇರುತ್ತಾರೆ. ಹೋದ ವರ್ಷ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮುಗಿಸಿಕೊಂಡು ತಮ್ಮನ ಹೆಂಡತಿ ತನ್ನ ತವರು ಬೇಮಳಖೇಡದಿಂದ ಕೂಸಿನ ಸಮೇತ ಬಂದದ್ದೇ ತಡ, ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು, ನನ್ನ ಬೆನ್ನಿಗೂ ಸುದ್ದಿ ಮುಟ್ಟಿತು.

ಹೆಸರು ಯಾವುದೆಂದು ಅವ್ವ ಆಗಲೇ ತೀರ್ಮಾನ ಮಾಡಿದ್ದಳು. ಅಪ್ಪನ ತಾಯಿ, ಅಂದರೆ ನಮ್ಮ ಆಯಿಯ ಹೆಸರು. ಅವ್ವ ಮದುವೆಯಾಗಿ ಬಂದಾಗ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲವಂತೆ. ಆಯಿ ನಸುಕಿನಲ್ಲೆದ್ದು ತಾನೇ ಬಡಿದಿಟ್ಟು, ಎಲ್ಲರೆದುರು ಅದನ್ನು ಸೊಸೆಯ ಲೆಕ್ಕಕ್ಕೆ ಹಾಕುತ್ತಿದ್ದಳಂತೆ. ಅಂಥ ಅತ್ತೆಯ ಹೆಸರು ಅಳಿದುಹೋಗಬಾರದು ಎಂಬುದು ಅವ್ವನ ಆಸೆ. ಒಂದೇ ತೊಡಕೆಂದರೆ ಅವ್ವ ಆ ಹೆಸರನ್ನು ಇಂದಿನ ತನಕ ಬಾಯಿಂದ ತೆಗೆದವಳಲ್ಲ. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರು ಹೇಳುವುದಿಲ್ಲ. ಮೊಮ್ಮಗಳಿಗೆ ಆ ಹೆಸರಿಟ್ಟರೆ ಅವ್ವ ಅವಳನ್ನು ಊಟಕ್ಕೆ ಕರೆಯುವುದಾದರೂ ಹೇಗೆ ಎಂದು ನಾನು ಕೇಳಿದೆ.

“ಕೈ ಮಾಡಿ ಕರೀತೀನಿ,” ಎಂದಳು ಅವ್ವ.

ಅವ್ವನ ಬಾಯಿಂದ ಬರದ ಹೆಸರು ನನ್ನ ಬರಹದಲ್ಲಿ ಬರುವುದು ಸರಿಯಲ್ಲ. ಆದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ.

ತಮ್ಮನ ಹೆಂಡತಿ ನನ್ನನ್ನು ಅಡುಗೆಮನೆಯ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಕರೆದೊಯ್ದಳು. ಅವಳ ಮಾತು ತಿಳಿಯಬೇಕಾದರೆ ನಮ್ಮ ಕಡೆಯ ಇನ್ನೊಂದು ಪದ್ಧತಿ ಹೇಳಬೇಕು. ಹೆಣ್ಣಿಗೆ ಇಲ್ಲಿ ಎರಡು ಹೆಸರು. ಹುಟ್ಟಿದಾಗ ಇಟ್ಟದ್ದು ತೊಟ್ಟಿಲ ಹೆಸರು. ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಅದರಲ್ಲಿ ಗಂಡ ಉಂಗುರದಿಂದ ಬರೆಯುವುದು ಅಕ್ಕಿ ಹೆಸರು. ಗಂಡನ ಮನೆಯಲ್ಲಿ ಅದೇ ನಡೆಯುತ್ತದೆ. ನನಗೂ ಎರಡಿವೆ. ಸರ್ಟಿಫಿಕೇಟುಗಳ ದಯೆಯಿಂದ ಕಾಲೇಜಿನಲ್ಲಿ ತೊಟ್ಟಿಲ ಹೆಸರು ಉಳಿದಿದೆ, ಅತ್ತೆಯ ಮನೆಯಲ್ಲಿ ಅಕ್ಕಿಯದು. ಗಂಡ ಎರಡನ್ನೂ ಬಿಟ್ಟು “ಇಲ್ಲಿ ಕೇಳು” ಎನ್ನುತ್ತಾನೆ. ತಮ್ಮನ ಹೆಂಡತಿಯ ಅಕ್ಕಿ ಹೆಸರನ್ನು ಆರಿಸಿದವಳು ಅವ್ವ. ಆ ಹುಡುಗಿ ನೌಕರಿ ಮಾಡುವವಳಲ್ಲವಾದ್ದರಿಂದ ಅವಳ ತೊಟ್ಟಿಲ ಹೆಸರು ಬೇಮಳಖೇಡದ ಬಸ್ ನಿಲ್ದಾಣ ದಾಟಿ ಈಚೆಗೆ ಬರಲೇ ಇಲ್ಲ.

“ಅಕ್ಕಾ, ನನ್ನ ಹೆಸರು ಹೋತು, ಹೋಗ್ಲಿ,” ಎಂದಳು. “ಮೊದಮೊದಲು ಅತ್ತಿ ಕರದ್ರ ಯಾರನ್ನ ಕರ್ಯಾಕತ್ತಾರ ಅಂತ ನಾ ಹಿಂದ ತಿರುಗಿ ನೋಡ್ತಿದ್ದೆ. ಕೂಸಿಗರೆ ಇನ್ನೊಬ್ರು ಉಟ್ಟುಬಿಟ್ಟ ಸೀರಿ ಉಡಸಬ್ಯಾಡ್ರಿ. ಆಕಿಗಿ ಆಕಿದೇ ಒಂದು ಹೆಸರು ಇರ್ಲಿ. ಕಿವಿಯಾಗ ಹೇಳವರು ನೀವು. ನಿಮ್ಮ ಮಾತು ಅತ್ತಿ ಕೇಳ್ತಾರ.”

ಅವ್ವ ನನ್ನ ಮಾತು ಕೇಳುತ್ತಾಳೆ ಎಂದು ಇನ್ನೂ ನಂಬಿದ್ದವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಆ ನಂಬಿಕೆ ಕೆಡಿಸಲು ನನಗೆ ಮನಸ್ಸಾಗಲಿಲ್ಲ, ಆಗಲಿ ಎಂದುಬಿಟ್ಟೆ.

ಅವ್ವ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಳ್ಳು ಆರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಾಟ್ಲಿ ಹಲ್ಲಿಯಿಂದ ಶುರು ಮಾಡಿದೆ. ಅದರ ಶಾಸ್ತ್ರೀಯ ಹೆಸರು ಟೈಲೋಟೋಟ್ರೈಟನ್ ವೆರ್ರುಕೋಸಸ್ ಎಂದು ಹೇಳಿದೆ. ಅವ್ವ ಬೇಳೆಯಿಂದ ತಲೆ ಎತ್ತದೆ, ಅದರ ಅರ್ಥವೇನು ಎಂದು ಕೇಳಿದಳು.

“ಕಡೀಕಿಂದು ಅಂದ್ರ ಮೈ ತುಂಬ ನರೂಲಿ ಗಂಟು ಇದ್ದದ್ದು ಅಂತ.”

“ಪಾಪ. ಇನ್ನೊಂದು ಚಲೋದು ಇಡಬಾರದೇನು?”

ನನಗೆ ಬೇಕಾಗಿದ್ದ ಮಾತು ಅದೇ. “ಬರಂಗಿಲ್ಲವ್ವ. ನಮ್ಮ ಶಾಸ್ತ್ರದಾಗ ಮೊದಲ ಇಟ್ಟ ಹೆಸರೇ ಗಟ್ಟಿ. ಚಂದ ಇಲ್ಲಂತ ಬದಲ ಮಾಡ್ಲಿಕ್ಕಿ ಬರಂಗಿಲ್ಲ, ಆಮ್ಯಾಲ ಇಟ್ಟಿದ್ದು ಲೆಕ್ಕಕ್ಕಿಲ್ಲ. ಹಂಗ ನೋಡಿದ್ರ ನೀ ಇಡಬೇಕನ್ನಾಕತ್ತಿದ್ದು ಆಯಿದು ಅಕ್ಕಿ ಹೆಸರು. ತೊಟ್ಟಿಲ ಹೆಸರು ಬ್ಯಾರೆ ಇತ್ತಲ್ಲ, ಅದು ಗೊತ್ತದೇನು ನಿನಗ?”

ಅವ್ವನ ಕೈ ನಿಂತಿತು. ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿದ್ದಿಲ್ಲ ಎಂದು ಅವಳೇ ಹೇಳಿದಳು. ಅಲ್ಲಿಗೆ ಗೆದ್ದೆನೆಂದುಕೊಂಡು ನಾನು ಚಹಾ ಇಡಲು ಎದ್ದೆ. ನೀರು ಕುದಿಯುವ ಮೊದಲೇ ಪಡಸಾಲೆಯಿಂದ ದನಿ ಬಂತು. “ಹುಡಗಿಯಾಗ ಸಣ್ಣಾಯಿ ಅದಾಳಲ್ಲ. ನಡಿ, ಕೇಳೋಣು.”

ಸಣ್ಣಾಯಿ ಎಂದರೆ ಆಯಿಯ ತಂಗಿ. ಹುಡಗಿ ಎಂಬುದು ಅವಳ ಊರು, ಹುಮನಾಬಾದಿನಿಂದ ಸ್ವಲ್ಪ ಮುಂದೆ. ಮರುದಿನವೇ ಹೋದೆವು. ಸಣ್ಣಾಯಿ ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಹಲ್ಲೆಲ್ಲ ಹೋಗಿದ್ದರೂ ನೆನಪೊಂದು ಬರೋಬ್ಬರಿ ಇತ್ತು. ಅಕ್ಕನ ತೊಟ್ಟಿಲ ಹೆಸರು ಕೇಳಿದ್ದಕ್ಕೆ ಮೊದಲು ಚೆನ್ನಾಗಿ ನಕ್ಕಳು.

“ಆಕಿಗಿಂತ ಮೊದಲ ಹುಟ್ಟಿದ್ದು ಒಂದೂ ನಿಂತಿರಲಿಲ್ಲಂತ. ಅದಕ್ಕ ಈಕಿ ಹುಟ್ಟಿದ ಕೂಡ್ಲೆ ಒಯ್ದು ತಿಪ್ಪಿ ಮ್ಯಾಲ ಮಲಗಿಸಿದ್ರು. ನೆರೀ ಮನಿ ಮುದುಕಿ ಎತ್ಕೊಂಡು ಬಂದ್ಳು. ನಮ್ಮವ್ವ ಆ ಮುದುಕಿಗಿ ಒಂದು ಮೊರ ನುಚ್ಚು ಕೊಟ್ಟು ತನ್ನ ಕೂಸು ತಾನೇ ಖರೀದಿ ಮಾಡಿದ್ಳು. ತಿಪ್ಪಿ ಮ್ಯಾಲ ಸಿಕ್ಕಾಕಿ ಅಂತ ಅದೇ ಹೆಸರಿಟ್ರು. ಇಂಥ ಹೆಸರಿನಾಕಿ ಜವರಾಯಗೂ ಬ್ಯಾಡಾಗ್ತಾಳ ನೋಡು.”

ಆಮೇಲೆ ಹೆಸರು ಹೇಳಿದಳು. ತಿಪ್ಪೆಯ ವಾಸನೆ ಮೂಗಿಗೆ ಬಡಿಯುವಂಥ ಹೆಸರು. ನಮ್ಮ ಹಲ್ಲಿಯ ನರೂಲಿಯೇ ಅದಕ್ಕಿಂತ ಮರ್ಯಾದೆಯದು. ಅವ್ವ ಇದನ್ನು ಕೇಳಿ ಮೂಗು ಮುರಿಯುತ್ತಾಳೆ, ಇಡೀ ವಿಚಾರವನ್ನೇ ಕೈಬಿಡುತ್ತಾಳೆ ಎಂದು ನಾನು ಅವಳ ಮುಖ ನೋಡಿದೆ. ಅವ್ವ ತುಟಿ ಅಲ್ಲಾಡಿಸುತ್ತ ಆ ಹೆಸರನ್ನು ಕಲಿಯುತ್ತಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವ್ವ ಅದನ್ನು ಜೋರಾಗಿಯೇ ಅಂದಳು. ಕಂಡಕ್ಟರ್ ತಿರುಗಿ ನೋಡಿದ. ಅವ್ವ ಇನ್ನೊಮ್ಮೆ ಅಂದಳು. “ಇದು ನಾ ಸೊಸಿಯಾಗಿ ಬಂದಾಗ ಅವರಿಗಿದ್ದ ಹೆಸರಲ್ಲ,” ಎಂದು ನನ್ನ ಮೊಣಕಾಲ ಮೇಲೆ ಬಡಿದಳು. “ಇದನ್ನ ನಾ ಅನಬೌದು. ಇಷ್ಟು ವರ್ಷ ಆತು, ಒಮ್ಮೇನೂ ಅವರ ಹೆಸರು ಹಿಡದು ಕರದಿಲ್ಲ ನಾ. ಈಗ ಕೂಸಿನ್ನ ದಿನಾ ಕರೀತೀನಿ.” ಕಿಟಕಿಯ ಆಚೆಗೆ ತೊಗರಿ ಹೊಲ ಹಿಂದೆ ಓಡುತ್ತಿತ್ತು. ಅವ್ವ ಬಸವಕಲ್ಯಾಣ ಬರುವ ತನಕ ಆ ಹೊಲಗಳಿಗೆ ತನ್ನ ಅತ್ತೆಯನ್ನು ಪರಿಚಯಿಸುತ್ತಲೇ ಇದ್ದಳು. ಅವಳ ಅಂಥ ಸಂತೋಷವನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಮನೆಗೆ ಬಂದು ಅವ್ವ ಸೊಸೆಗೆ ಎಲ್ಲ ಹೇಳಿದಳು. “ನಿಮ್ಮಕ್ಕನೇ ಹೇಳ್ಯಾಳ, ಮೊದಲಿಂದೇ ಗಟ್ಟಿ ಅಂತ,” ಎಂದು ನನ್ನನ್ನು ಸಾಕ್ಷಿಗೆ ನಿಲ್ಲಿಸಿದಳು. ಆ ಹುಡುಗಿ “ಹೂನ್ರಿ ಅತ್ತಿ” ಎಂದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

“ನಿಮ್ಮ ಕೈಯಾಗ ವಕಾಲತ್ತು ಕೊಟ್ಟಿದ್ದು ನಂದೇ ತಪ್ಪಾತು ಅಕ್ಕಾ. ಮೊದಲಿಂದು ಹಳೇ ಸೀರಿಯರೆ ಇತ್ತು. ಈಗ ತಿಪ್ಪಿ.”

ನಾನು ಕೂಸಿನ ಕಾಲು ಒತ್ತತೊಡಗಿದೆ.

ತೊಟ್ಟಿಲ ದಿನದ ಬೆಳಿಗ್ಗೆ ಅವ್ವ ಗುಗ್ಗರಿಗೆಂದು ನೆನೆಸಿದ ಕಡಲೆಯನ್ನು ಬುಟ್ಟಿಗೆ ಬಸಿಯುತ್ತಿದ್ದಳು. ಒಳ್ಳೆಯ ಹುರುಪಿನಲ್ಲಿದ್ದಳು. ನನ್ನನ್ನು ಮಾತಿಗೆ ಎಳೆಯಲು ಕೇಳಿದಳು: “ನಿನ್ನ ಬಾಟ್ಲಿ ಹಲ್ಲಿಗಿ ಈಗೂ ನರೂಲಿ ಅಂತನೇ ಕರೀತಾರೇನು?”

ಕಲಿಸುವವರ ಚಟ ಕೆಟ್ಟದ್ದು. ಪ್ರಶ್ನೆ ಬಂದರೆ ಉತ್ತರ ತಾನೇ ಹೊರಗೆ ಬೀಳುತ್ತದೆ. “ಇಲ್ಲವ್ವ. ನಮ್ಮ ಬಾಟ್ಲಿ ಮ್ಯಾಲಿನ ಚೀಟಿ ಹಳೇದು. ಈಗ ಅದರ ಹೆಸರು ಹಿಮಾಲಯಾನಸ್.”

ಅವ್ವ ಬುಟ್ಟಿ ಕೆಳಗಿಟ್ಟಳು. “ಬದಲ ಮಾಡ್ಲಿಕ್ಕಿ ಬರಂಗಿಲ್ಲ ಅಂದಿದ್ದಿ.”

ಸಿಕ್ಕಿಬಿದ್ದೆ. ಅರ್ಧ ಪಾಠ ಮಾಡಿ ಎದ್ದುಹೋದ ಮೇಷ್ಟರಂತಾಗಿತ್ತು ನನ್ನ ಸ್ಥಿತಿ. ಉಳಿದರ್ಧ ಹೇಳಿದೆ. ನರೂಲಿಯ ಹೆಸರು ಮೊದಲು ಇಟ್ಟದ್ದು ಚೀನಾದ ಯುನ್ನಾನ್ ಗುಡ್ಡಗಳಲ್ಲಿ ಸಿಕ್ಕ ನ್ಯೂಟಿಗೆ. ಡಾರ್ಜಿಲಿಂಗ್ ಬೆಟ್ಟದ್ದೂ ಹಾಗೇ ಕಾಣುತ್ತಿತ್ತು, ಅದಕ್ಕೇ ಅದನ್ನೂ ಆ ಹೆಸರಿನಲ್ಲೇ ಕರೆದರು. ನೂರು ವರ್ಷಕ್ಕೂ ಮೇಲೆ ಆ ಬಡಪಾಯಿ ಇನ್ನೊಬ್ಬರ ಹೆಸರಿನಲ್ಲಿ ಸಂಸಾರ ಮಾಡಿತು. ನಮ್ಮ ಕಾಲದಲ್ಲಿ ಮೈಕಟ್ಟು ಅಳೆದು, ಡಿಎನ್‌ಎ ನೋಡಿದಾಗ, ಅದು ಬೇರೆಯೇ ಜೀವಿ ಎಂದು ಗೊತ್ತಾಯಿತು. ಬೇರೆಯಾದ ಮೇಲೆ ಅದಕ್ಕೆ ಅದರದೇ ಹೆಸರು ಬೇಕಲ್ಲ, ಹೊಸದು ಇಟ್ಟರು.

ಅವ್ವ ಕಡಲೆಯಲ್ಲಿ ಕೈಯಾಡಿಸಿದಳು. “ಮತ್ತ ಹಳೇ ಹೆಸರು? ತಗದು ಒಗದ್ರೇನು?”

ಆಗ ನನಗೆ ಅವ್ವನ ಸಂಕಟ ಎಲ್ಲಿದೆ ಎಂದು ಕಂಡಿತು. “ಇಲ್ಲವ್ವ. ಅದು ಯಾರಿಗಿ ಮೊದಲ ಇಟ್ಟಿದ್ರೋ ಅವರ ಹತ್ರನೇ ಅದ. ಅದನ್ನ ಯಾರೂ ಕಸ್ಕೊಳ್ಳಂಗಿಲ್ಲ, ಇನ್ನೊಬ್ರಿಗಿ ಕೊಡಂಗೂ ಇಲ್ಲ.”

“ಮಾಡಿದವರು ಶ್ಯಾಣ್ಯಾರು ಅದಾರ,” ಎಂದಳು ಅವ್ವ. ಬುಟ್ಟಿ ಎತ್ತಿಕೊಂಡಳು. ಬಾಗಿಲ ತನಕ ಹೋಗಿ, ನನ್ನ ಕಡೆ ನೋಡದೆಯೇ ಮುಂದುವರಿಸಿದಳು: “ನೋಡಿದ್ರ ಕೂಸಿನ ಮಾರಿ ನಮ್ಮ ಮನೀದಲ್ಲ ಬಿಡು. ಮೂಗು ಬೇಮಳಖೇಡದ್ದು. ಆಕಿ ಬ್ಯಾರೇನೇ ಇದ್ದಾಳ. ಹೋಗಿ ಕೂಸಿನವ್ವಗ ಕೇಳು, ಏನಿಡಬೇಕಂತ. ಅತ್ತೀದು ಆ ಹೆಸರು ನನ್ನ ಹತ್ರ ಇರ್ಲಿ. ಸಂಜೀ ದೀಪ ಹಚ್ಚುವಾಗ ಅಂತೀನಿ.”

ನಾನು ಕೇಳಲು ಹೋದಾಗ ತಮ್ಮನ ಹೆಂಡತಿ ನಂಬಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡು ಒಂದು ಹೆಸರು ಹೇಳಿದಳು. ಯಾರೂ ಉಟ್ಟಿರದ, ಗಂಜಿ ವಾಸನೆ ಹೋಗಿರದ ಹೊಸ ಸೀರೆಯಂಥ ಹೆಸರು. ಎರಡೂ ಮನೆಗಳಲ್ಲಿ ಯಾರಿಗೂ ಇರದದ್ದು.

ಮಧ್ಯಾಹ್ನ ತೊಟ್ಟಿಲ ಮೇಲೆ ಬಾಗಿ ಅದನ್ನೇ ಕೂಸಿನ ಕಿವಿಯಲ್ಲಿ ಊದಿದೆ. ಬೆನ್ನ ಮೇಲೆ ಓಣಿಯ ಗುದ್ದುಗಳು ಬಿದ್ದವು. ಅವುಗಳ ನಡುವೆ ಒಂದು ಗುದ್ದು ಬೇರೆಯೇ ತೂಕದ್ದಾಗಿತ್ತು. ತಿರುಗಿ ನೋಡಿದರೆ ಅವ್ವ. “ಹುಡಗಿ ತನಕ ಸುಮ್ಮ ಬಸ್ಸಿನ್ಯಾಗ ತಿರುಗಿಸಿದ್ದಕ್ಕ,” ಎಂದಳು. ಆ ಗುದ್ದು ನನಗೆ ಒಂದು ವಾರ ನೆನಪಿತ್ತು.

ಬಂದವರೆಲ್ಲ ಗುಗ್ಗರಿ ಕಟ್ಟಿಸಿಕೊಂಡು ಹೋದರು. ತಮ್ಮನ ಹೆಂಡತಿ ಒಳಗೆ ಪಾತ್ರೆ ತಿಕ್ಕುತ್ತಿದ್ದಳು. ಕೂಸು ಎದ್ದು ಕಿರಿಕಿರಿ ಶುರು ಮಾಡಿತು. ಅವ್ವ ತೊಟ್ಟಿಲ ಹಗ್ಗ ಹಿಡಿದವಳು ನನ್ನನ್ನೊಮ್ಮೆ ನೋಡಿ, “ಮೊದಲಿಂದೇ ಗಟ್ಟಿ ಅಂದಿದ್ದಿಯಲ್ಲ, ಅದು ಖರೇನೋ ಅದೂ ಅರ್ಧಾನೋ?” ಎಂದು ಕೇಳಿದಳು.

“ಖರೇ ಅವ್ವ. ಅದು ಪೂರಾ ಖರೇ.”

ಅವ್ವ ಅಡುಗೆಮನೆಯ ಕಡೆ ಮುಖ ಮಾಡಿ ಒಂದು ಹೆಸರು ಹಿಡಿದು ಕರೆದಳು. ತಾನು ಅಕ್ಕಿಯಲ್ಲಿ ಬರೆಸಿದ್ದನ್ನಲ್ಲ, ಬೇಮಳಖೇಡದ್ದನ್ನು. ಅವಳಿಗೆ ಅದು ನೆನಪಿದೆ ಎಂದೇ ನನಗೆ ಗೊತ್ತಿರಲಿಲ್ಲ. ಒಳಗೆ ಪಾತ್ರೆಯ ಸಪ್ಪಳ ನಡೆದೇ ಇತ್ತು. ಅವ್ವ ಮತ್ತೆ ಕರೆದಳು. ಸಪ್ಪಳ ನಿಂತಿತು. ತಮ್ಮನ ಹೆಂಡತಿ ಬೂದಿ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು, ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು.

“ಯಾರಿಗಿ ಕರದ್ರಿ ಅತ್ತಿ?”

“ನಿನಗೇ. ಕೂಸು ಅಳಾಕತ್ತದ, ಬಾ.”

ಅವಳು ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ, “ಇನ್ನೊಮ್ಮಿ ಕರೀರಿ,” ಎಂದಳು.