ಯಾವುದು ನಿಮ್ಮದು, ತೋರಿಸಿ

ಮೊದಲು ಸುಳಿವು ಕೊಟ್ಟದ್ದು ಕಿರುಬೆರಳು.

ಸ್ವೆಟರ್ ಹೆಣೆಯುವಾಗ ಉಲ್ಲನ್ ದಾರವನ್ನು ಬಲಗೈಯ ಕಿರುಬೆರಳಿಗೆ ಒಂದು ಸುತ್ತು ಹಾಕಿಕೊಳ್ಳುತ್ತೇನೆ. ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಹೇಳುವುದು ಆ ಬೆರಳೇ. ಆ ಚಳಿಗಾಲದಲ್ಲಿ ನನ್ನ ಹೆಣಿಗೆ ಒಂದು ಸಾಲು ಬಿಗಿ, ಒಂದು ಸಾಲು ಜೋಲು ಬರತೊಡಗಿತು. ಒಂದು ಮಧ್ಯಾಹ್ನ ಮಹಿಳಾ ಸಮಾಜದಲ್ಲಿ ಕೂತು ಹೆಣೆಯುತ್ತಿದ್ದಾಗ ಸ್ವೆಟರಿನ ಬಿಳಿ ತೋಳಿನ ಮೇಲೆ ಕೆಂಪು ಕಂಡಿತು. ದಾರ ಬೆರಳಿನ ಮಡಿಕೆಯನ್ನು ಕೊಯ್ದು ರಕ್ತ ಇಳಿಯುತ್ತಿತ್ತು.

ನೋವೇ ಇರಲಿಲ್ಲ.

ಮಂಡ್ಯದ ನಮ್ಮ ಸಮಾಜದ ಹೆಂಗಸರೆಲ್ಲ ಸೇರಿ ಪ್ರತಿವರ್ಷ ಸ್ವೆಟರ್ ಹೆಣೆದು, ಕಬ್ಬು ಕಡಿಯಲು ಬಂದು ಗದ್ದೆ ಬದಿಯ ಗುಡಿಸಲುಗಳಲ್ಲಿ ಮಲಗುವವರ ಮಕ್ಕಳಿಗೆ ಧನುರ್ಮಾಸದಲ್ಲಿ ಹಂಚುತ್ತಿದ್ದೆವು. ಅಧ್ಯಕ್ಷೆ ಸಾವಿತ್ರಮ್ಮನವರು. ಹೆಣಿಗೆಯಲ್ಲಿ ಅವರ ಕೈ ಅಷ್ಟಕ್ಕಷ್ಟೆ, ಭಾಷಣ ಮಾತ್ರ ಚೆನ್ನಾಗಿ ಮಾಡುತ್ತಿದ್ದರು.

ನನ್ನ ಮುಂಗೈ ಮೇಲೆ ಬಿಳಿಚಿದ ಪ್ಯಾಚ್ ಒಂದಿತ್ತು. ಅದನ್ನು ನೋಡಿದ ಮೇಲೆ ನಮ್ಮ ಯಜಮಾನರು, ಹೈಸ್ಕೂಲ್ ಮೇಷ್ಟರು, ಏನೋ ಊಹಿಸಿರಬೇಕು. ಮಂಡ್ಯದಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಬಸ್ಸು ಹತ್ತಿಸಿ ಮಳವಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿನ ಕ್ಲಿನಿಕ್ಕಿನ ಡಾಕ್ಟರು ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಆಮೇಲೆ ಒಂದು ಪುಕ್ಕ ತೆಗೆದುಕೊಂಡು, ಕಣ್ಣು ಮುಚ್ಚಿ, ಮುಟ್ಟಿದಾಗ ಹೇಳಿ ಎಂದರು. ನಾನು ಕಾಯುತ್ತ ಕೂತೆ. ತುಂಬ ಹೊತ್ತಾಯಿತು. ಯಾವಾಗ ಶುರು ಮಾಡ್ತೀರಿ ಎಂದು ಕೇಳಿದೆ.

“ಆಗಲೇ ಮುಗೀತಮ್ಮ,” ಎಂದರು.

ಲೆಪ್ರಸಿ. ಅವರು ಇಂಗ್ಲಿಷಿನಲ್ಲೇ ಹೇಳಿದರು, ಕನ್ನಡದಲ್ಲಿ ಹೇಳಲು ಸಂಕೋಚವಾಗಿರಬೇಕು. ಸ್ಮಿಯರ್ ನೆಗೆಟಿವ್, ಅಂದರೆ ಚರ್ಮದಲ್ಲಿ ಕ್ರಿಮಿ ಕಂಡಿಲ್ಲ, ಇದು ಇನ್ನೊಬ್ಬರಿಗೆ ಅಂಟುವ ಬಗೆಯದಲ್ಲ, ಡಿಡಿಎಸ್ ಮಾತ್ರೆ ವರ್ಷಗಟ್ಟಲೆ ತಪ್ಪದೆ ನುಂಗಬೇಕು ಎಂದು ಇಬ್ಬರಿಗೂ ಬಿಡಿಸಿ ಹೇಳಿದರು. ಯಜಮಾನರು ತಲೆಯಾಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಅಂದಿನಿಂದ ನನ್ನ ತಟ್ಟೆ, ಲೋಟ, ಹಾಸಿಗೆ ಎಲ್ಲ ಹಿತ್ತಲ ಕೋಣೆಯಲ್ಲಿ.

ಸಮಾಜಕ್ಕೆ ನಾನೇ ಹೋಗಿ ಹೇಳಿದೆ. ಕಂಡವರ ಮಕ್ಕಳ ಚಳಿಗೆ ಮರುಗುವವರು, ನನ್ನ ಪಾಡಿಗೂ ಮರುಗಿಯಾರು ಎಂಬ ನಂಬಿಕೆ. ಸಾವಿತ್ರಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಾರನೆಯ ದಿನ ಹೇಳಿಕಳಿಸಿದರು. ಹೋದರೆ, ಸಮಾಜದ ಅಂಗಳದಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಿತ್ತು. ಜಗಲಿಯ ಮೇಲೆ ಆ ವರ್ಷದ ಸ್ವೆಟರುಗಳ ಟ್ರಂಕು.

“ಎಲ್ಲಾ ಬೆರೆತುಹೋಗಿದೆ ಕಣ್ರೀ. ಯಾವುದು ನಿಮ್ಮದು, ನೀವೇ ತೋರಿಸಿಬಿಡಿ. ಮುಟ್ಟಬೇಡಿ, ದೂರದಿಂದಲೇ ಹೇಳಿ.”

ಡಾಕ್ಟರು ಹೇಳಿದ್ದನ್ನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೋರಿಸದಿದ್ದರೆ ಇಡೀ ಟ್ರಂಕನ್ನೇ ಸುಡುತ್ತೇವೆ ಎಂದರು. ಆ ಮಕ್ಕಳಿಗೆ ಇರುವುದೂ ಇಲ್ಲದಂತಾಗುತ್ತದೆ. ಸಿಟ್ಟು ನೆತ್ತಿಗೇರಿದರೂ ಅಂಗಳದಲ್ಲಿ ನಿಂತೆ. ಸಾವಿತ್ರಮ್ಮನವರು ಛತ್ರಿಯ ತುದಿಯಿಂದ ಒಂದೊಂದನ್ನೇ ಎತ್ತಿ ಹಿಡಿದರು. ಹೂಂ, ಅದು ನಂದು. ಅಲ್ಲ, ಅದಲ್ಲ. ನಾಮಕರಣಕ್ಕೂ ಮುಂಚೆ ತೊಡಿಸಬಹುದಾದಂಥ ಪುಟ್ಟ ಗುಲಾಬಿ ಸ್ವೆಟರ್ ಬಂತು. ಹೂಂ, ಅದೂ ನಂದೇ. ಸೊಟ್ಟ ಕತ್ತಿನದೊಂದನ್ನು ಎತ್ತಿ, ಇದೂ ನಿಮ್ಮದೇ ಇರಬೇಕು ಎಂದರು. ಅಲ್ಲ, ಅದು ನೀವು ಹೆಣೆದದ್ದು ಎಂದೆ. ಒಬ್ಬಿಬ್ಬರಿಗೆ ನಗು ಬಂತು. ಸಾವಿತ್ರಮ್ಮನವರಿಗೆ ಬರಲಿಲ್ಲ.

ಉಲ್ಲನ್ ಉರಿಯುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ. ನನ್ನವು ಹೊಗೆಯಾಡುತ್ತಿದ್ದಾಗ ಗೇಟಿನ ಸದ್ದಾಯಿತು. ಯಜಮಾನರು ಬಂದಿದ್ದರು. ನನ್ನನ್ನು ಕರೆದುಕೊಂಡು ಹೋಗಲು ಬಂದರೆಂದು ತಿಳಿದೆ.

ಮದುವೆಯಾದ ವರ್ಷ ನಾನು ಹೆಣೆದುಕೊಟ್ಟಿದ್ದ ಸ್ವೆಟರನ್ನು ಅವರು ಬೆಂಕಿಗೆ ಹಾಕಿ ಹೋದರು.

ಆಮೇಲೆ ಒಂದು ವರ್ಷ ಹೆಣಿಗೆ ಕಡ್ಡಿ ಮುಟ್ಟಲಿಲ್ಲ. ಮಾತ್ರೆ ಮಾತ್ರ ಬಿಡಲಿಲ್ಲ. ಪ್ಯಾಚ್ ಮಾಸುತ್ತ ಬಂತು. ಅಷ್ಟರಲ್ಲಿ ಬಾಗಿಹೋಗಿದ್ದ ಕಿರುಬೆರಳು ಬಾಗಿದ ಹಾಗೇ ಉಳಿಯಿತು. ಸುಮ್ಮನಿದ್ದರೆ ಉಳಿದ ಬೆರಳೂ ಬಾಗುತ್ತವೆ, ಕೈಗೆ ಕೆಲಸ ಕೊಡಿ ಎಂದು ಡಾಕ್ಟರು ಗದರಿಸಿದರು. ದಾರವನ್ನು ತೋರುಬೆರಳಿಗೆ ಸುತ್ತಿಕೊಂಡು ಹೊಸದಾಗಿ ಕಲಿತೆ. ಬೆರಳಿಗೆ ತಿಳಿಯದ್ದನ್ನು ಕಣ್ಣಿನಿಂದ ನೋಡಿಕೊಂಡು ಹೆಣೆಯಬೇಕು. ನಿಧಾನ, ಆದರೆ ಆಗುತ್ತದೆ. ಆಗುತ್ತದೆ, ಸರಿ. ಯಾರು ತೊಡುತ್ತಾರೆ?

ಮೊದಲನೆಯದನ್ನು ಕ್ಲಿನಿಕ್ಕಿಗೇ ಒಯ್ದೆ. ಕೆರಗೋಡಿನ ಪುಟ್ಟಮ್ಮ ಮಾತ್ರೆಯ ದಿನ ನನ್ನ ಪಕ್ಕವೇ ಕೂರುತ್ತಿದ್ದಳು. ಅವಳೂ ಊರಿನ ಕಣ್ಣು ತಪ್ಪಿಸಿ ಇಷ್ಟು ದೂರ ಬರುವವಳು. ಎರಡೂ ಕೈಗಳ ಬೆರಳು ಅರ್ಧಕ್ಕೇ ಮುಗಿದಿದ್ದವು. ಮಲಗುವುದು ಕೊಟ್ಟಿಗೆಯಲ್ಲಿ. ಯಾರೋ ಪುಣ್ಯಾತ್ಮರು ಕೊಟ್ಟಿದ್ದ ಕಂಬಳಿಯನ್ನು, ಇವಳು ಹೊದೆಯುವ ಮೊದಲೇ, ಸೊಸೆ ಕಿತ್ತುಕೊಂಡಿದ್ದಳಂತೆ. ಸ್ವೆಟರನ್ನು ಅವಳ ಮಡಿಲಿಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು.

“ಇದ್ನ ನೀನೇ ಎಣ್ದಿದ್ದಾ? ಈ ಕೈಯಾಗೆ?”

ಮುಚ್ಚಿಟ್ಟು ಏನು ಮಾಡಲಿ. ಹೌದು ಎಂದೆ.

“ಅಂಗಾರೆ ಒಳ್ಳೇದೇ ಆಯ್ತು ಬುಡು. ನಿನ್ ಕೈಯಿಂದು ಅಂತೀನಿ. ಇದ್ನ ಯಾರೂ ಕಿತ್ಕೊಳಾಕಿಲ್ಲ ಕಣಮ್ಮ.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಸೀರೆಯ ಮೇಲೇ ಅದನ್ನು ತೊಟ್ಟು, ಗುಂಡಿ ಹಾಕು ಬಾ ಎಂದು ನನ್ನೆದುರು ಎದೆಯೊಡ್ಡಿ ನಿಂತಳು. ಡಾಕ್ಟರನ್ನು ಬಿಟ್ಟರೆ, ಹತ್ತಿರ ಬಾ ಎಂದು ಇಷ್ಟು ದಿನದಲ್ಲಿ ನನ್ನನ್ನು ಕರೆದವಳು ಅವಳೊಬ್ಬಳೇ. ಒಂದೊಂದೇ ಗುಂಡಿಯನ್ನು, ಕಣ್ಣಿಟ್ಟು ನೋಡಿಕೊಂಡು, ಕತ್ತಿನವರೆಗೂ ಹಾಕಿದೆ.