ನಮ್ಮ ಮೇಡಂ ಇಟ್ಟ ಚುಕ್ಕೆ

ನಮ್ಮ ಮೇಡಂ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು. ಕುಂಕುಮವಲ್ಲ, ಸೋರುವ ಹಳೇ ಪೆನ್ನಿನ ಶಾಯಿ. ವಿದ್ಯಾರಣ್ಯಪುರಂನಿಂದ ಎರಡು ಬಸ್ಸು ಬದಲಾಯಿಸಿ ನಮ್ಮೂರಿನ ಒಂದೇ ಕೋಣೆಯ ಶಾಲೆಗೆ ಬರುತ್ತಿದ್ದರು.

ತಪ್ಪು ಲೆಕ್ಕಕ್ಕೆ ಅವರು ಎಂದೂ ಅಡ್ಡಗೆರೆ ಎಳೆದವರಲ್ಲ. ಪಕ್ಕದಲ್ಲೊಂದು ಕೆಂಪು ಚುಕ್ಕೆ ಇಟ್ಟು ಪುಸ್ತಕ ವಾಪಸ್ ಕೊಡುತ್ತಿದ್ದರು. "ತಪ್ಪು ಎಲ್ಲಿದೆ ಅಂತ ನಾನು ತೋರಿಸ್ತೀನಿ. ಏನು ಅಂತ ನೀನೇ ಹುಡುಕ್ಕೊಂಡು ಬಾ ಕಣೋ." ತಿದ್ದಿಕೊಂಡು ಹೋದರೆ ಆ ಚುಕ್ಕೆಯಿಂದಲೇ ರೈಟು ಎಳೆಯುತ್ತಿದ್ದರು. ಮೊದಲು ತಪ್ಪಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನಂಥ ದಡ್ಡನ ಮಾನವೂ ಹಾಗೆ ಉಳಿಯಿತು.

ಅವರು ಕಲಿಸಿದ ಅಕ್ಷರದಿಂದಲೇ ಇವತ್ತು ಅನ್ನ ತಿನ್ನುತ್ತಿದ್ದೇನೆ. ಮೈಸೂರಿನ ಕಚೇರಿಯೊಂದರಲ್ಲಿ ಶಾಲೆಗಳ ಫೈಲು ನೋಡುವ ಗುಮಾಸ್ತ ನಾನು. ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಹತ್ತಿರದ ಶಾಲೆಗೆ ಸೇರಿಸುವ ಪಟ್ಟಿಯಲ್ಲಿ ನಮ್ಮೂರಿನದೂ ಬಂತು. ಮಕ್ಕಳು ಏಳು, ಕಲಿಸಲು ಈಗಲೂ ನಮ್ಮ ಮೇಡಂ ಒಬ್ಬರೇ. 'ಹತ್ತಿರದ ಶಾಲೆಗೆ ಇರುವ ದೂರ' ತುಂಬಬೇಕಿತ್ತು. ಮೊಬೈಲಿನ ಮ್ಯಾಪಿನಲ್ಲಿ ನೇರ ಗೆರೆ ಎಳೆದು 'ಒಂದು ಕಿ.ಮೀ.' ಎಂದು ಬರೆದೆ. ನಡುವೆ ನಾಲೆಯಿದೆ, ಸೇತುವೆ ಸುತ್ತಿ ಹೋದರೆ ಮೂರಾಗುತ್ತದೆ ಅನ್ನುವುದು ನನಗೆ ಗೊತ್ತಿಲ್ಲವೇ? ಮಿಡ್ಲ್ ಸ್ಕೂಲಿಗೆ ಅದೇ ದಾರಿ ಸವೆಸಿದವನು ನಾನು. ಆದರೆ ಮೂರು ಅಂತ ಬರೆದರೆ ಮೇಲಿನಿಂದ ಪ್ರಶ್ನೆ ಬರುತ್ತದೆ, ಒಂದು ಅಂದರೆ ಯಾರೂ ಕೇಳುವುದಿಲ್ಲ.

ಆದೇಶಕ್ಕೆ ಸಹಿ ಬೀಳುವ ಮುಂಚೆ ಮೇಡಂ ಪಟ್ಟಿಯ ನಕಲು ಹಿಡಿದು ಕಚೇರಿಗೇ ಬಂದರು. ನಾನು ಎದ್ದು ನಿಂತೆ.

"ಚೆನ್ನಾಗಿದ್ದೀಯೇನೋ? ಮಗಳು ಸ್ಕೂಲಿಗೆ ಹೋಗ್ತಾಳಾ?"

ನನ್ನ ಮಗಳಿಗೆ ಕುವೆಂಪುನಗರದ ಮನೆ ಬಾಗಿಲಿಗೇ ವ್ಯಾನು ಬರುತ್ತದೆ. ಹೂಂ ಎಂದಷ್ಟೇ ತಲೆಯಾಡಿಸಿದೆ. ಮೇಡಂ ಬ್ಯಾಗಿನಿಂದ ಆ ಪೆನ್ನು ತೆಗೆದು, ನಾನು ಬರೆದ 'ಒಂದು' ಪಕ್ಕ ಚುಕ್ಕೆ ಇಟ್ಟು, ಹಾಳೆಯನ್ನು ನನ್ನ ಕಡೆ ಸರಿಸಿದರು. "ಬರ್ತೀನಪ್ಪಾ, ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟೇಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ತಿದ್ದಲಿಲ್ಲ. "ಮೊದ್ಲು ಯಾಕ್ರೀ ಹಂಗೆ ಬರೆದ್ರಿ?" ಅಂತ ಸಾಹೇಬರು ಕೇಳುತ್ತಾರೆ ಅನ್ನುವ ಭಯ. ಥೂ, ನನ್ನ ಜನ್ಮಕ್ಕಿಷ್ಟು! ಶಾಲೆಗೆ ಬೀಗ ಬಿತ್ತು. ಏಳರಲ್ಲಿ ಇಬ್ಬರು ಹೆಣ್ಣುಮಕ್ಕಳು ಅಷ್ಟು ದೂರ ನಡೆಯಲಾರದೆ ಓದನ್ನೇ ಬಿಟ್ಟರು. ಅದೂ ನನ್ನ ಮೇಜಿಗೇ ಬಂತು, ಇನ್ನೊಂದು ಪಟ್ಟಿಯಾಗಿ.

ಮೊನ್ನೆ ಮೇಡಂ ತೀರಿಕೊಂಡರು. ಹೋಗಿ ಬಾಗಿಲಲ್ಲೇ ನಿಂತೆ. ಯಾರೆಂದು ಹೇಳಿದಾಗ ಅವರ ತಂಗಿ ಕಣ್ಣೊರೆಸಿಕೊಂಡು, "ಓ, ನೀವೇನಾ? ಅಕ್ಕ ನಿಮ್ಮ ವಿಷಯ ಹೇಳ್ತಾನೇ ಇದ್ರು ಕಣ್ರೀ. 'ಅವನು ನಿಧಾನ, ಆದ್ರೆ ತಿದ್ಕೊಂಡು ಬಂದೇ ಬರ್ತಾನೆ' ಅಂತಿದ್ರು" ಎಂದರು.

ಮೇಡಂ ಮುಖ ನೋಡುವ ಧೈರ್ಯವಾಗಲಿಲ್ಲ. ಪಾದ ಮುಟ್ಟಿ ಏಳುವಾಗ ಕೈ ಕಂಡಿತು. ಸ್ನಾನ ಮಾಡಿಸಿದ್ದರೂ ಬೆರಳ ತುದಿಯ ಕೆಂಪು ಹೋಗಿರಲಿಲ್ಲ.

ಆ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಈಗ ತಿದ್ದಿದರೂ ಯಾರಿಗೆ ಒಯ್ದು ತೋರಿಸಲಿ?