ಏಳನೆಯವನಿಗಾಗಿ ಹದಿನೈದು ನಿಮಿಷ

ನಾನು ಒಮ್ಮೆಯೂ ಚೆಂಡು ಒದ್ದವಳಲ್ಲ. ಆದರೂ ನಮ್ಮ ಶೇಡಬಾಳದ ಫುಟ್‌ಬಾಲ್ ತಂಡದ ಕಾರ್ಯದರ್ಶಿ. ಎಂ.ಎಸ್ಸಿ. ಓದಿದ್ದೇನೆ, ಅಕ್ಷರ ದುಂಡಗಿವೆ, ಹೆಚ್ಚು ಮಾತಾಡುವುದಿಲ್ಲ. ಇಷ್ಟು ಅರ್ಹತೆ ಸಾಕೆಂದು ತಂಡದ ನಾಯಕನಾದ ಅಣ್ಣ ಮಹಾವೀರ ಫೈಲನ್ನು ನನ್ನ ಕೈಗಿತ್ತ.

ನಮ್ಮದು ಲೀಗಿನ ತೀರಾ ಕೆಳಗಿನ ದರ್ಜೆ. ನಿಪ್ಪಾಣಿಯಿಂದ ಕಾಗವಾಡದವರೆಗಿನ ತಂಡಗಳು ಆಡುತ್ತವೆ. ದೊಡ್ಡ ಲೀಗುಗಳ ವೇಳಾಪಟ್ಟಿ ಟೀವಿಯವರ ಕೈಯಲ್ಲಿರುತ್ತದಂತೆ. ನಮ್ಮದು ಕಬ್ಬಿನ ಕೈಯಲ್ಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಆಟಗಾರರೆಲ್ಲ ಟ್ರ್ಯಾಕ್ಟರ್ ಮೇಲಿರುತ್ತಾರೆ. ಹಾಗಾಗಿ ಯಾರ ಕಬ್ಬು ಯಾವತ್ತು ಕಡಿಯುತ್ತಾರೆಂದು ಕೇಳಿ, ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ, ಯಾರೂ ಕಡಿಯದ ಒಂದು ಭಾನುವಾರವನ್ನು ಪಂದ್ಯಕ್ಕೆ ಆರಿಸಿದೆ. ಹೆಮ್ಮೆಯೂ ಪಟ್ಟೆ. ಶನಿವಾರ ಕಡಿದ ಕಬ್ಬು ಕಾರ್ಖಾನೆಯ ಅಂಗಳದಲ್ಲಿ ಪಾಳಿಗಾಗಿ ಭಾನುವಾರವಿಡೀ ಟ್ರ್ಯಾಕ್ಟರ್ ಮೇಲೆಯೇ ನಿಲ್ಲುತ್ತದೆಂದು ಊರಿನ ಎಮ್ಮೆಗಳಿಗೂ ಗೊತ್ತು. ನನಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಮೈದಾನದಲ್ಲಿ ನಮ್ಮವರು ಆರೇ ಜನ. ಏಳು ಜನರಿಲ್ಲದೆ ಆಟ ಶುರುವಾಗುವಂತಿಲ್ಲ. ಹದಿನೈದು ನಿಮಿಷ ಕಾಯಬಹುದು. ಹಿಂದೊಮ್ಮೆ ಹೀಗೇ ಒಂದು ಪಂದ್ಯ ತಪ್ಪಿಸಿದ್ದೆವು. ಈ ಸಲವೂ ತಪ್ಪಿದರೆ ಲೀಗಿನಿಂದಲೇ ಹೊರಗೆ.

“ಏನ್ರಿ ಅಕ್ಕಾರ, ನಿಮ್ಮ ಟೀಮೂ ಕಬ್ಬಿನ ಜೋಡಿ ನುರಿಸಾಕ ಹೋತೇನು?” ಎಂದ ನಿಪ್ಪಾಣಿ ತಂಡದ ನಾಯಕ ಸಲೀಮ. ಅವನ ಹುಡುಗರು ನಕ್ಕರು.

ಅಣ್ಣ ನಗಲಿಲ್ಲ. “ಸನ್ಮತಿ ಬೈಕ್ ಮ್ಯಾಲ ಹೊಂಟಾನಂತ,” ಎಂದು ನನ್ನ ಕಿವಿಯಲ್ಲಿ ಹೇಳಿದ. ಸನ್ಮತಿ ನಮ್ಮ ಗೋಲ್‌ಕೀಪರ್. ಆಟಗಾರರ ಪಟ್ಟಿಯ ಏಳನೆಯ ಗೆರೆಯ ಮೇಲೆ ಪೆನ್ನು ಹಿಡಿದು ರಸ್ತೆ ನೋಡುತ್ತ ಕುಳಿತೆ. ಮನುಷ್ಯ ಬರುವ ಮುನ್ನವೇ ಅವನ ಹೆಸರು ಬರೆದುಬಿಡುವುದು ಎಷ್ಟು ಸುಲಭವೆಂದು ಆಗ ತಿಳಿಯಿತು.

ನಮ್ಮ ಲೀಗಿನಲ್ಲಿ ಹೊತ್ತು ನೋಡಿ ಹೇಳುವುದು ಆತಿಥೇಯ ಕಾರ್ಯದರ್ಶಿಯ ಕೆಲಸ. ಎದುರು ನಾಯಕ ಒಪ್ಪಿ ಸಹಿ ಹಾಕಬೇಕು.

“ಎಷ್ಟಾತ್ರಿ?” ಎಂದು ರೆಫರಿ ಕೇಳಿದರು.

ಅಣ್ಣನ ಮುಖ ನೋಡಲಿಲ್ಲ. ನೋಡಿದ್ದರೆ ಸುಳ್ಳು ಹೇಳುತ್ತಿದ್ದೆನೇನೋ. “ನಾಲ್ಕು ಹದಿನಾರು,” ಎಂದೆ.

“ಏ ತಂಗೀ!” ಎಂದು ಅಣ್ಣ ಅಲ್ಲಿಯೇ ಕುಕ್ಕರಿಸಿದ.

ರೆಫರಿ ಪಟ್ಟಿಯನ್ನು ಸಲೀಮನ ಮುಂದೆ ಹಿಡಿದರು. ಅವನು ಪೆನ್ನು ಮುಟ್ಟಲಿಲ್ಲ. “ಅಕ್ಕಾರ ಗಡಿಯಾರ ಮುಂದ ಓಡಾಕತ್ತೈತ್ರಿ ಸರ್. ನಂದರಾಗ ಈಗರ ನಾಕೂ ಹತ್ತಾಗೈತಿ. ಟೆಂಪೋ ಮಾಡ್ಕೊಂಡ ಇಲ್ಲೀತನಾ ಬಂದದ್ದು ಆಡಾಕ್ರಿ, ಸಹಿ ಮಾಡಾಕಲ್ಲ.”

ಅವನ ಕೈಯಲ್ಲಿ ಗಡಿಯಾರವೇ ಇರಲಿಲ್ಲ. ರೆಫರಿ ಆ ಬರಿಗೈಯನ್ನು ನೋಡಿ, ಗೋಲಿನ ಬಲೆ ಬಿಗಿಯಾಗಿದೆಯೇ ಪರೀಕ್ಷಿಸಲು ಹೊರಟರು. ಬಹಳ ನಿಧಾನವಾಗಿ.

ಸನ್ಮತಿ ಬಂದಾಗ ತಲೆಯ ತುಂಬ ಕಬ್ಬಿನ ಒಣಗರಿಯ ರವದಿ. “ಹಿಂದಿನ ಟ್ರ್ಯಾಕ್ಟರದಾವಗ ಕೀಲಿ ಕೊಟ್ಟ ಬಂದೇನಿ. ಪಾಳಿ ಬರೂದ್ರಾಗ ಮುಗಸ್ರಿ!”

ಆರು ಗೋಲುಗಳಿಂದ ಸೋತೆವು. ಲೀಗಿನಲ್ಲಿ ಉಳಿದೆವು. ಆಟ ಮುಗಿದ ಮೇಲೆ ಸಲೀಮ ಸಹಿ ಹಾಕಲು ಬಂದ. ಆಟ ಶುರುವಾದ ಹೊತ್ತಿನ ಜಾಗವನ್ನು ಖಾಲಿ ಬಿಟ್ಟಿದ್ದೆ.

“ಬರೀರಿ ಅಕ್ಕಾರ, ನಾಕೂ ಹನ್ನೆರಡು.”

ದುಂಡಗೆ ಬರೆದೆ. ನಿಖರವಾಗಿರಲು ಒಬ್ಬಳೇ ಸಾಕು; ಲೀಗ್ ನಡೆಯಲು ಎದುರು ತಂಡವೂ ಬೇಕು.